ಕುರಿ ಈಯುವ ನೆಲ, ಮರಿ ಉಳಿಯುವ ನೆಲ

ಕುರಿ ಸಾಕಣೆಯ ಲಾಭ ನಷ್ಟವನ್ನು ನಿರ್ಧರಿಸುವುದು ಹಿಂಡಿನಲ್ಲಿ ಎಷ್ಟು ಕುರಿಗಳು ಈದವು ಎಂಬುದಕ್ಕಿಂತ ಹೆಚ್ಚಾಗಿ, ಹುಟ್ಟಿದ ಮರಿಗಳಲ್ಲಿ ಎಷ್ಟು ಉಳಿದವು ಎಂಬ ಲೆಕ್ಕ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ದಖ್ಖನಿ ಮತ್ತು ಕೆಂಗುರಿ ತಳಿಗಳು ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿಯನ್ನು ಈಯುವುದರಿಂದ, ಆ ಮರಿ ಸತ್ತರೆ ತಾಯಿಯ ಐದು ತಿಂಗಳ ಗಬ್ಬವೂ ಕುರಿಗಾರನ ಅಷ್ಟೂ ದಿನಗಳ ಅಲೆದಾಟವೂ ವ್ಯರ್ಥವಾಗುತ್ತವೆ. ಔಷಧಿ, ಆರೈಕೆಗಳ ಮಾತು ಬರುವುದಕ್ಕೂ ಮೊದಲೇ, ತಾಯಿ ಎಲ್ಲಿ ಮೇಯ್ದಿತ್ತು ಮತ್ತು ಎಲ್ಲಿ ಈದಿತು ಎಂಬುದು ಮರಿಯ ಅಳಿವು ಉಳಿವನ್ನು ಬಹುಮಟ್ಟಿಗೆ ತೀರ್ಮಾನಿಸಿರುತ್ತದೆ.

ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಹೊಟ್ಟೆಯಲ್ಲಿರುವ ಮರಿಯ ತೂಕದ ಮೂರನೇ ಎರಡರಷ್ಟು ಕೊನೆಯ ಆರು ವಾರಗಳಲ್ಲಿ ಕೂಡುವುದರಿಂದ, ಆ ವಾರಗಳಲ್ಲಿ ಬರಡು ಬಯಲಿನಲ್ಲಿ ಮೇಯ್ದ ತಾಯಿ ನಿತ್ರಾಣದ ಮರಿಯನ್ನು ಈಯುತ್ತದೆ. ಅದರ ಕೆಚ್ಚಲಿನಲ್ಲಿ ಗಿಣ್ಣು ಹಾಲೂ ಕಡಿಮೆ. ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗ ಕುರಿಮರಿಗೆ ದಾಟುವುದಿಲ್ಲ. ಈದ ಮೇಲೆ ಬರುವ ಈ ಮೊದಲ ಹಾಲಿನಿಂದಲೇ ಅವು ಸಿಗಬೇಕು. ಅವನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಹುಟ್ಟಿದ ಮೊದಲ ಒಂದು ದಿನದ ಮಟ್ಟಿಗಷ್ಟೇ ಇರುತ್ತದೆ, ಅದೂ ಗಂಟೆಗಂಟೆಗೆ ಕುಗ್ಗುತ್ತ ಹೋಗುತ್ತದೆ.

ಮುಂಗಾರಿನ ಹಸಿರು ಮೇಯ್ದು ಗಬ್ಬವಾದ ಕುರಿಗಳು ಈಯುವುದು ಚಳಿಗಾಲ ಕಾಲಿಡುವ ಹೊತ್ತಿಗೆ. ಒದ್ದೆ ಮೈಯ ಮರಿಗೆ ಗಾಳಿ ಬಡಿದರೆ ಮೈಯ ಶಾಖ ಬೇಗ ಇಳಿಯುತ್ತದೆ, ಹುಟ್ಟುವಾಗ ತಂದ ಅಲ್ಪ ಕೊಬ್ಬು ಕರಗುತ್ತದೆ, ಮೊಲೆ ಹುಡುಕುವ ತ್ರಾಣವೇ ಉಳಿಯುವುದಿಲ್ಲ. ತಾಯಿ ಮರಿಯನ್ನು ನೆಕ್ಕಿ ಅದರ ವಾಸನೆ ಗುರುತು ಹಿಡಿಯುವುದೂ ಇದೇ ಮೊದಲ ಗಂಟೆಗಳಲ್ಲಿ. ಈದ ಜಾಗದಲ್ಲಿಯೇ ಆರು ಗಂಟೆಯಷ್ಟಾದರೂ ನಿಂತ ತಾಯಂದಿರ ಮರಿಗಳು ಹೆಚ್ಚು ಬದುಕುತ್ತವೆ ಎಂಬುದನ್ನು ಆಸ್ಟ್ರೇಲಿಯಾದ ಮೆರಿನೊ ಕುರಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಮೇವು ನೀರು ಹತ್ತಿರದಲ್ಲಿಲ್ಲದ ಕಡೆ ಹಸಿದ ತಾಯಿ ಮರಿಯನ್ನು ಬಿಟ್ಟು ಹಿಂಡಿನ ಹಿಂದೆ ಹೊರಟುಬಿಡುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಜಿಲ್ಲೆಯ ನೆಲಗಳೆಲ್ಲ ಒಂದೇ ಅಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯಿಂದ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳು, ಸುತ್ತಲೂ ಒಣಗಿದ ದಿನಗಳಲ್ಲಿ ಹಸಿರಾಗಿ ಕಂಡು ಹಿಂಡುಗಳನ್ನು ಸೆಳೆಯುತ್ತವೆ. ಆದರೆ ಆ ತೇವದಲ್ಲಿ ಬೆಳೆಯುವ ಬಸವನಹುಳುಗಳು ಯಕೃತ್ತಿನ ಹುಳುವಿನ ಮರಿಗಳಿಗೆ ಆಶ್ರಯ ಕೊಡುತ್ತವೆ. ಅವು ಅಂಟಿದ ಹುಲ್ಲನ್ನು ಮೇಯ್ದ ತಾಯಿ ರಕ್ತಹೀನವಾಗಿ ಹಾಲು ಇಂಗಿಸಿಕೊಳ್ಳುತ್ತದೆ. ಯಲಬುರ್ಗಾದ ಎರೆ ಹೊಲಗಳಲ್ಲಿ ಕೊಯ್ಲಿನ ನಂತರ ಒಳ್ಳೆಯ ಮೇವು ಸಿಕ್ಕರೂ, ಮಳೆ ಬಿದ್ದರೆ ನೆಲ ಕೆಸರಾಗುತ್ತದೆ, ಬಯಲಲ್ಲಿ ಗಾಳಿಗೆ ಮರೆಯಿರುವುದಿಲ್ಲ. ಜೋಳದ ಕೂಳೆ ಮರಳಿ ಚಿಗುರಿದ್ದರೆ ಆ ಎಳೆ ಚಿಗುರಿನ ವಿಷ ತಾಯಿಯನ್ನೇ ಕೊಲ್ಲಬಲ್ಲದು. ಕುಷ್ಟಗಿ ಮತ್ತು ಕೊಪ್ಪಳದ ಮಸಾರಿ ನೆಲ, ಅಂದರೆ ನೀರು ನಿಲ್ಲದ ಕೆಂಪು ಮಣ್ಣು, ಹುಲ್ಲು ತೆಳುವಾಗಿದ್ದರೂ ಬೇಗ ಒಣಗುತ್ತದೆ. ಅದರ ಬದುಗಳೂ ಜಾಲಿ ಪೊದೆಗಳೂ ಗಾಳಿಯನ್ನು ತಡೆಯುತ್ತವೆ.

ಆದ್ದರಿಂದ ಗಬ್ಬದ ಕೊನೆಯ ವಾರಗಳಲ್ಲಿ ಮೇವು ಹೆಚ್ಚಿರುವ ಒಣ ಹೊಲಗಳಲ್ಲಿ ಮೇಯಿಸಿ, ಈಯುವ ಹೊತ್ತಿಗೆ ಹಟ್ಟಿಯ ಸಮೀಪದ ಮಸಾರಿ ನೆಲಕ್ಕೆ ತಂದು, ಶೇಂಗಾ ಬಳ್ಳಿಯಂಥ ಮೇವನ್ನು ಅಲ್ಲಿಯೇ ಒದಗಿಸುವುದು ಈ ಸೀಮೆಗೆ ಒಗ್ಗುವ ಕ್ರಮ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಧಾಮವಿರುವ ಈ ಪ್ರದೇಶದಲ್ಲಿ, ಹಟ್ಟಿಗೆ ಹತ್ತಿರವಾದ ಮತ್ತು ಮುಳ್ಳುಬೇಲಿ ಹಾಕಿದ ಈಯುವ ಜಾಗವು ಮರಿಯನ್ನೂ ಕಾಯುತ್ತದೆ, ತೋಳ ಮತ್ತು ಮನುಷ್ಯರ ನಡುವಿನ ವೈರವನ್ನೂ ತಗ್ಗಿಸುತ್ತದೆ.

ಇಂಥ ನೆಲ ಬಹುಪಾಲು ಊರುಗಳಲ್ಲಿ ಯಾರೊಬ್ಬರ ಸ್ವಂತದ್ದಾಗಿರದೆ ಗಾಯರಾಣವಾಗಿರುತ್ತದೆ, ಎಂದರೆ ಊರ ದನಕುರಿಗಳಿಗೆಲ್ಲ ಸೇರಿದ ಹುಲ್ಲುಗಾವಲು. ಅದು ಒತ್ತುವರಿಯಾದಂತೆಲ್ಲ ಕುರಿಗಾರನಿಗೆ ನೆಲವನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲವಾಗಿ, ಸಿಕ್ಕಲ್ಲಿ ಕುರಿ ಈಯಬೇಕಾಗುತ್ತದೆ. ಗಾಯರಾಣದ ಒಂದು ಮೂಲೆಯನ್ನಾದರೂ ಮಳೆಗಾಲದಲ್ಲಿ ಮೇಯಿಸದೆ ಈಯುವ ಕಾಲಕ್ಕೆ ಮೀಸಲಿಡುವ ಊರು, ಹುಟ್ಟುವ ಮರಿಗೆ ಬದುಕುವ ಮೊದಲ ದಿನವನ್ನು ಕೊಟ್ಟಂತಾಗುತ್ತದೆ.