ನದಿ ನೀರು ಸಮುದ್ರ ಸೇರಿದರೆ ವ್ಯರ್ಥವೇ?

ಮಳೆಗಾಲದಲ್ಲಿ ಜಲಾಶಯದ ಗೇಟು ತೆರೆದ ವಿಡಿಯೊ ವಾಟ್ಸಾಪ್‌ಗೆ ಬಂದರೆ, ಜೊತೆಗೆ ಒಂದು ಸಾಲೂ ಬರುತ್ತದೆ: ‘ಇಷ್ಟು ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ.’ ಇದು ನಿಜವೇ?

ಮಂಡ್ಯದ ರೈತರಿಗೆ ನೀರು ಸಾಲದಿರುವುದು ನಿಜ. ಆದರೆ ಸಮುದ್ರ ಸೇರುವ ನೀರೆಲ್ಲ ವ್ಯರ್ಥ ಎಂಬುದು ನಿಜವಲ್ಲ.

ನದಿಯ ದಾರಿ ಯಾವುದು?

ಕೊಕ್ಕರೆ ಬೆಳ್ಳೂರಿನ ಬಳಿ ಹರಿಯುವ ಶಿಂಷಾ ನದಿಯನ್ನೇ ನೋಡೋಣ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಮದ್ದೂರು ತಾಲ್ಲೂಕಿಗೆ ಬರುತ್ತದೆ. ಮಳವಳ್ಳಿ ತಾಲ್ಲೂಕಿನಲ್ಲಿ ಜಲಪಾತವಾಗಿ ಧುಮುಕಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಆ ನೀರು ಮೇಕೆದಾಟು, ಮೆಟ್ಟೂರು, ತಿರುಚಿರಾಪಳ್ಳಿ ಹಾದು ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ತಲುಪುತ್ತದೆ.

ದಾರಿಯಲ್ಲಿ ಈ ನೀರು ಏನು ಮಾಡುತ್ತದೆ?

ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮರಿಗಳ ಹೊಟ್ಟೆ ತುಂಬುವುದು ಶಿಂಷಾ ಮತ್ತು ಸುತ್ತಲಿನ ಕೆರೆಗಳ ಮೀನಿನಿಂದ. ಹೊಳೆ ಬತ್ತಿದರೆ ಮೀನಿಲ್ಲ, ಮೀನಿಲ್ಲದಿದ್ದರೆ ಮರಿಗಳು ಉಳಿಯುವುದು ಕಷ್ಟ.

ಸಮುದ್ರ ಸೇರುವಲ್ಲಿ ಏನಾಗುತ್ತದೆ?

ನದಿ ಬೆಟ್ಟದಿಂದ ಹೊತ್ತು ತಂದ ಮರಳು, ಮೆಕ್ಕಲು ಮಣ್ಣು ಸೇರಿಯೇ ಕಾವೇರಿಯ ಮುಖಜಭೂಮಿ ಆಗಿದೆ. ತಂಜಾವೂರಿನ ಭತ್ತದ ಗದ್ದೆಗಳಿರುವುದು ಅದೇ ಮಣ್ಣಿನ ಮೇಲೆ. ಸಿಹಿನೀರಿನ ಹರಿವು ತೀರಾ ಕಡಿಮೆಯಾದರೆ ಸಮುದ್ರದ ಉಪ್ಪುನೀರು ನದಿಯೊಳಕ್ಕೂ ಅಂತರ್ಜಲಕ್ಕೂ ನುಗ್ಗುತ್ತದೆ. ಕರಾವಳಿಯ ಕಾಂಡ್ಲಾ ಕಾಡಿಗೆ, ಅಲ್ಲಿ ಮರಿ ಮಾಡುವ ಮೀನು, ಸಿಗಡಿಗಳಿಗೆ ತೊಂದರೆಯಾಗುತ್ತದೆ. ಅಮೆರಿಕದ ಕೊಲೊರಾಡೊ ನದಿಯ ನೀರನ್ನು ದಾರಿಯಲ್ಲೇ ಬಳಸಿಕೊಳ್ಳುವುದರಿಂದ ಅದು ಸಮುದ್ರ ಮುಟ್ಟುವುದೇ ಅಪರೂಪವಾಗಿ, ಅದರ ಮುಖಜಭೂಮಿಯ ಬಹುಭಾಗ ಒಣಗಿಹೋಗಿದೆ.

ಲೆಕ್ಕ ಏನು ಹೇಳುತ್ತದೆ?

ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ 10 ಟಿಎಂಸಿ ಪರಿಸರಕ್ಕೆ, 4 ಟಿಎಂಸಿ ತಡೆಯಲಾಗದೆ ಸಮುದ್ರ ಸೇರುವ ನೀರಿಗೆ ಎಂದು ತೆಗೆದಿಟ್ಟಿತು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಪ್ರತಿ ಹನಿಗೂ ಕಿತ್ತಾಡಿದ ಪ್ರಕರಣದಲ್ಲೂ ನದಿಗೊಂದು ಪಾಲು ಉಳಿಯಿತು.

ಹಾಗಾದರೆ ಹೆಚ್ಚುವರಿ ನೀರನ್ನು ಹಿಡಿದಿಡಬಾರದೇ?

ಹಿಡಿದಿಡಬಹುದು. ಕೆರೆಗಳ ಹೂಳೆತ್ತಿ ತುಂಬಿಸುವುದು, ಅಂತರ್ಜಲ ಹೆಚ್ಚಿಸುವುದು ರೈತರಿಗೂ ಹಕ್ಕಿಗಳಿಗೂ ಒಳ್ಳೆಯದೇ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬುದು ಚರ್ಚಿಸಬೇಕಾದ ವಿಷಯ. ಒಂದು ಹನಿಯೂ ಸಮುದ್ರ ಸೇರಬಾರದು ಎನ್ನುವುದು ಮಾತ್ರ ತಪ್ಪು.

ಮುಂದಿನ ಬಾರಿ ಇಂಥ ಸಂದೇಶ ಬಂದರೆ, ಫಾರ್ವರ್ಡ್ ಒತ್ತುವ ಮೊದಲು ಈ ವಿಷಯಗಳನ್ನೂ ನಿಮ್ಮ ಗ್ರೂಪಿಗೆ ತಿಳಿಸಿ.