ಚಳಿಗಾಲದ ಮೌಂಟನ್ ಬೈಕ್ ಪ್ಯಾಂಟ್: ಎಂಥದ್ದು ತಗೋಬೇಕು?

ಸ್ಕಾಟ್ಲೆಂಡ್‌ನ ಗ್ಲೆಂಟ್ರೆಸ್ ಕಾಡು. ಮಳೆ ನಿಂತಿದೆ, ಆದ್ರೂ ಮೌಂಟನ್ ಬೈಕ್ ಓಡಿಸೋರ ಪ್ಯಾಂಟ್ ತೊಪ್ಪೆ! ಯಾಕೆ? ಚಕ್ರ ಎರಚೋ ಕೆಸರುನೀರು.

ಹಾಗಾದ್ರೆ ಪೂರ್ತಿ ವಾಟರ್‌ಪ್ರೂಫ್ ಬೇಕಾ? ಲೇಬಲ್‌ನಲ್ಲಿ 10,000 ಮಿ.ಮೀ. (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತೆ ಅನ್ನೋ ಅಳತೆ) ಅಂತಿರೋ ಪ್ಯಾಂಟ್ ಸುರಿಯೋ ಮಳೆಗೆ ಸರಿ. ಆದ್ರೆ ಏರು ಹತ್ತುವಾಗ ಬೆವರು ಬೇಗ ಹೊರಗೆ ಹೋಗಲ್ಲ, ಒಳಗಿಂದ ನೆನೀತೀರಿ.

ಬರೀ ಎರಚಲಿಗಾದ್ರೆ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್ ಸಾಕು. ಮೇಲೆ ನೀರು ಜಾರಿಸೋ ಡಿಡಬ್ಲ್ಯೂಆರ್ ಲೇಪನ ಇರ್ಲಿ. ಒದ್ದೆಯಾದ್ರೂ ಬೇಗ ಒಣಗುತ್ತೆ.

ಅಂಗಡೀಲಿ ಹಾಕ್ಕೊಂಡು, ಮಂಡಿ ಮಡಚಿ ನೋಡಿ. ಒಳಗೆ ಮಂಡಿ ಪ್ಯಾಡ್ ಹಿಡಿಸ್ಬೇಕು. ಪ್ಯಾಂಟಿನ ಸೊಂಟದ ಭಾಗ ಹಿಂದೆ ಎತ್ತರ ಇರ್ಬೇಕು. ಕಾಲ್ಗಂಟಿನ ಹತ್ರ ಬಿಗಿ ಇರ್ಬೇಕು, ಇಲ್ಲಾಂದ್ರೆ ಚೈನಿಗೆ ಸಿಕ್ಕೊಳ್ಳುತ್ತೆ. ಕೂರೋ ಜಾಗದಲ್ಲಿ ಬಟ್ಟೆ ಗಟ್ಟಿ ಇರ್ಲಿ, ಬೇಗ ಸವೆಯೋದು ಅಲ್ಲೇ.

ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಲೇಪನದ ಗುಣ ಕೆಡುತ್ತೆ. ಬಟ್ಟೆ ನೀರು ಹೀರೋಕೆ ಶುರು ಮಾಡಿದ್ರೆ, ಲೇಬಲ್‌ನಲ್ಲಿ ಹೇಳಿದ್ರೆ ಮಾತ್ರ ಡ್ರೈಯರ್‌ನಲ್ಲಿ ಹದವಾದ ಬಿಸಿ ಕೊಡಿ. ಆಗ್ಲಿಲ್ವಾ? ಲೇಪನದ ಸ್ಪ್ರೇ ಹೊಡೀರಿ.

ಇನ್ನೊಂದು ಮಾತು: ಮೊದಲು ಮಡ್‌ಗಾರ್ಡ್ ಹಾಕ್ಸಿ, ಆಮೇಲೆ ದುಬಾರಿ ಪ್ಯಾಂಟ್ ನೋಡಿ!