ಆಡಿಯೋ ಕನ್ನಡದಲ್ಲೇ ಇರಲಿ

ಕಾಂತಾರ ಕನ್ನಡದಲ್ಲಿ ತೆರೆಕಂಡದ್ದು 2022ರ ಸೆಪ್ಟೆಂಬರ್ 30ಕ್ಕೆ, ಹಿಂದಿ ಡಬ್ಬಿಂಗ್ ಬಂದದ್ದು ಅಕ್ಟೋಬರ್ 14ಕ್ಕೆ. ಆ ಎರಡು ವಾರ ಪುಣೆಯ ನನ್ನ ಮರಾಠಿ ಸಹೋದ್ಯೋಗಿಗಳೂ ಸಬ್‌ಟೈಟಲ್ ಓದಿಕೊಂಡು ಕನ್ನಡವನ್ನೇ ಕೇಳಿದರು. ಆದರೆ ನಮ್ಮನೆಯಲ್ಲಿ ಮಗಳು ರಿಮೋಟ್ ಹಿಡಿದರೆ ಕನ್ನಡ ಸಿನಿಮಾವೂ ಹಿಂದಿಯಲ್ಲೇ ಶುರು!

ಇಲ್ಲಿ ಅವಳ ಕಿವಿಗೆ ಕನ್ನಡ ಬೀಳುವುದು ನಮ್ಮಿಬ್ಬರಿಂದ, ಅಜ್ಜಿಯ ಫೋನಿನಿಂದ, ಅಷ್ಟೇ. ಅದಕ್ಕೇ ಒಂದು ರೂಲು ಮಾಡಿದ್ದೇವೆ: ಕನ್ನಡ ಸಿನಿಮಾಕ್ಕೆ ಕನ್ನಡ ಆಡಿಯೋ, ಬೇಕಿದ್ದರೆ ಇಂಗ್ಲಿಷ್ ಸಬ್‌ಟೈಟಲ್. ಮೊದಮೊದಲು ಮುಖ ಊದಿಸಿಕೊಂಡಳು. ಈಗ ನಡುನಡುವೆ ‘ಹಂಗಂದ್ರೇನಪ್ಪಾ?’ ಅಂತಾಳೆ. ಸಿನಿಮಾ ನಿಲ್ಲಿಸಿ ಹೇಳ್ತೀನಿ. ಎರಡೂವರೆ ಗಂಟೆಯ ಕಾಂತಾರ ಮೂರೂವರೆ ಗಂಟೆ ಆಯಿತು, ಆಗಲಿ ಬಿಡಿ. ಅವಳು ಕೇಳಿದ ಕೆಲವು ಕರಾವಳಿ ಮಾತುಗಳಿಗೆ, ಧಾರವಾಡದವನಾದ ನಾನೂ ಕುಂದಾಪುರದ ಗೆಳೆಯನಿಗೆ ಫೋನ್ ಹಚ್ಚಬೇಕಾಯಿತು.